ವಿಮಾನದ ರಂಧ್ರ, ನಗರದ ಕಾಲುವೆ

ಸ್ವಂತ ವಿಮಾನದೊಳಗೆ ಮಳೆನೀರು ನುಗ್ಗಿದರೆ ಏನು ಗತಿ? ಕೆಂಗೇರಿಯ ತಗ್ಗಿನಲ್ಲಿ, ಮನೆಗೆ ನುಗ್ಗಿದ ನೀರನ್ನು ಬಕೆಟ್‌ನಿಂದ ಹೊರಚೆಲ್ಲುವವರಿಗೆ ಈ ಚಿಂತೆ ನಗು ತರಿಸೀತು. ಆದರೆ ವಿಮಾನವುಳ್ಳವರಿಗೂ ಅವರದೇ ಆದ ಕಷ್ಟಗಳಿವೆ. ಉದ್ಯಮಿ ವಿಜಯ್ ಮಲ್ಯರ ಖಾಸಗಿ ಏರ್‌ಬಸ್ ಎ319 ಸೇವಾ ತೆರಿಗೆ ಬಾಕಿಗಾಗಿ ಜಪ್ತಿಯಾಗಿ, ಮುಂಬೈ ನಿಲ್ದಾಣದಲ್ಲಿ ಹಲವು ಮಳೆಗಾಲಗಳನ್ನು ಕಳೆಯಿತು. 2018ರಲ್ಲಿ ಸುಮಾರು 35 ಕೋಟಿ ರೂಪಾಯಿಗೆ ಹರಾಜಾಯಿತು.

ಹಾಗೆಂದು ವಿಮಾನವಂತರು ಹೆಚ್ಚು ಅಂಜಬೇಕಿಲ್ಲ. ಬಾಗಿಲಿಗೆ ಬಿಗಿಯಾದ ರಬ್ಬರ್ ಪಟ್ಟಿಯಿದೆ. ಒಳಸೇರಿದ ತೇವ ಹೊರಹೋಗಲು ವಿಮಾನದ ಹೊಟ್ಟೆಯಡಿ ಸಣ್ಣ ರಂಧ್ರಗಳಿವೆ. ಅವು ಕಟ್ಟಿಕೊಂಡರೆ ಲೋಹ ಸವೆಯುತ್ತದೆಂದು ತಂತ್ರಜ್ಞರು ಆಗಾಗ ಪರೀಕ್ಷಿಸುತ್ತಾರೆ.

ನಗರಕ್ಕೂ ಇಂತಹ ರಂಧ್ರಗಳಿವೆ. ರಾಜಕಾಲುವೆ ಎಂದು ಅವುಗಳ ಹೆಸರು. ಪಶ್ಚಿಮ ಬೆಂಗಳೂರಿನ ಮಳೆನೀರನ್ನು ಕೆಂಗೇರಿಯತ್ತ ಒಯ್ಯುವ ವೃಷಭಾವತಿ ಇಂದು ಕೊಳಚೆ ಹೊತ್ತು ಹರಿಯುತ್ತಿದೆ. ಕಾಲುವೆಗಳನ್ನು ಒತ್ತುವರಿ ಮಾಡಿದವರಲ್ಲಿ ಬಲ್ಲಿದರಿದ್ದಾರೆ. ಕಸ ಸುರಿದವರಲ್ಲಿ ನಾವೂ ಇದ್ದೇವೆ. ಬಡವರ ಮನೆ ಮುಳುಗಿದಾಗ ಅದು ಸುದ್ದಿಯ ಮೂಲೆಯಲ್ಲಿತ್ತು. 2022ರ ಸೆಪ್ಟೆಂಬರ್‌ನಲ್ಲಿ ನಗರದ ಪೂರ್ವಭಾಗದ ಐಷಾರಾಮಿ ವಿಲ್ಲಾಗಳವರೇ ಟ್ರ್ಯಾಕ್ಟರ್ ಏರಿ ಹೊರಬಂದಾಗ ದೇಶವೇ ತಿರುಗಿ ನೋಡಿತು.

ನೀರು ಯಾರ ಅಂತಸ್ತನ್ನೂ ಕೇಳುವುದಿಲ್ಲ. ಒಬ್ಬನ ವಿಮಾನದ ರಂಧ್ರಕ್ಕೆ ದೊರೆಯುವ ಕಾಳಜಿ ಲಕ್ಷಾಂತರ ಜನರ ಮೋರಿಗೆ ಯಾಕೆ ದೊರೆಯಬಾರದು?