ಅಭ್ಯರ್ಥಿಯೂ ಕೋವಿಯೂ

ಚುನಾವಣೆಯ ದಿನಾಂಕ ಪ್ರಕಟವಾಯಿತೆಂದರೆ ನಮ್ಮ ಮಲೆನಾಡು, ಕರಾವಳಿಗಳ ಪೊಲೀಸು ಠಾಣೆಗಳಲ್ಲಿ ಒಂದು ನೋಟ ಕಾಣಸಿಗುತ್ತದೆ. ಹೆಗಲ ಮೇಲೆ ಕೋವಿ, ಕೈಯಲ್ಲಿ ಪರವಾನಗಿಯ ಪುಸ್ತಕ ಹಿಡಿದ ಬೇಸಾಯಗಾರರು ಒಬ್ಬರ ಹಿಂದೊಬ್ಬರು ಬಂದು, ಕೋವಿಯನ್ನು ಒಪ್ಪಿಸಿ, ರಸೀತಿ ಪಡೆದು, ಬರಿಗೈಯಲ್ಲಿ ಮನೆಗೆ ಹಿಂದಿರುಗುತ್ತಾರೆ. ಅದೇ ವಾರ ಅವರ ಅಂಗಳಕ್ಕೆ ಅಭ್ಯರ್ಥಿಯ ಸವಾರಿ ಚಿತ್ತೈಸುತ್ತದೆ. ರಸ್ತೆಯ ಮಾತಾಗುತ್ತದೆ, ಕುಡಿಯುವ ನೀರಿನ ಮಾತಾಗುತ್ತದೆ, ಅಡಕೆ, ಕಾಫಿಗಳ ಧಾರಣೆಯ ಮಾತೂ ಆಗುತ್ತದೆ. ಠಾಣೆಯ ಮೂಲೆಯಲ್ಲಿ ಮಲಗಿರುವ ಕೋವಿಯ ಮಾತೊಂದು ಮಾತ್ರ ಎರಡು ಕಡೆಯಿಂದಲೂ ಬರುವುದು ಅಪರೂಪ. ಆಯುಧ ಯಾರ ಕೈಯಲ್ಲಿರಬೇಕು, ಯಾವ ಕಟ್ಟಿಗೆ ಒಳಪಟ್ಟು ಇರಬೇಕು ಎಂಬುದು ರಾಜ್ಯವೆಂಬುದರ ಮೊದಲ ಪ್ರಶ್ನೆಗಳಲ್ಲಿ ಒಂದು. ಆ ಪ್ರಶ್ನೆಗೆ ನಮ್ಮ ಮತವನ್ನು ಬೇಡುವವರಲ್ಲಿ ಉತ್ತರವಿಲ್ಲ. ಉತ್ತರ ಬೇಕೆಂದು ನಾವು ಕೇಳಿಯೂ ಇಲ್ಲ.

ಅಮೆರಿಕದ ಪದ್ಧತಿ ಇದಕ್ಕೆ ತೀರ ವಿರುದ್ಧವಾದುದು. ಅಲ್ಲಿ ಸಂಸ್ಥಾನದ ಶಾಸನಸಭೆಗೆ ನಿಲ್ಲುವ ಉಮೇದುವಾರನೂ ಕೋವಿಯ ವಿಷಯದಲ್ಲಿ ತನ್ನ ನಿಲುವನ್ನು ಹೇಳಬೇಕು. 1871ರಲ್ಲಿ ಹುಟ್ಟಿದ ಅಲ್ಲಿನ ನ್ಯಾಷನಲ್ ರೈಫಲ್ ಅಸೋಸಿಯೇಷನ್ ಎಂಬ ಸಂಘ, ಮೇಷ್ಟರು ಉತ್ತರಪತ್ರಿಕೆಗೆ ಅಂಕ ಹಾಕುವಂತೆ, ಅಭ್ಯರ್ಥಿಗಳಿಗೆ ದರ್ಜೆ ಹಾಕಿ ಪ್ರಕಟಿಸುತ್ತದೆ. ಇದಕ್ಕೆಲ್ಲ ಆಧಾರ 1791ರಲ್ಲಿ ಅವರ ಸಂವಿಧಾನಕ್ಕೆ ಸೇರಿದ ಎರಡನೆಯ ತಿದ್ದುಪಡಿ. ಆ ಇಸವಿಗೂ ನಮ್ಮ ನೆಲಕ್ಕೂ ಒಂದು ವಿಚಿತ್ರವಾದ ನಂಟುಂಟು. 1781ರಲ್ಲಿ ಯಾರ್ಕ್‌ಟೌನಿನಲ್ಲಿ ಅಮೆರಿಕನ್ನರಿಗೂ ಅವರ ಮಿತ್ರರಾದ ಫ್ರೆಂಚರಿಗೂ ಶರಣಾದ ಅದೇ ಕಾರ್ನ್‌ವಾಲಿಸನು, 1791ರಲ್ಲಿ ಬೆಂಗಳೂರಿನ ಕೋಟೆಯನ್ನು ಗೆದ್ದನು. ಟಿಪ್ಪುವಿನ ಜನ್ಮಸ್ಥಳವಾದ ದೇವನಹಳ್ಳಿಯ ಕೋಟೆಯೂ ಆ ವರ್ಷವೇ ಅವನ ಕೈಸೇರಿತು. ಅಲ್ಲಿ ಗೆದ್ದ ಜನ ಕೋವಿಯನ್ನು ಹಕ್ಕೆಂದು ಬರೆದುಕೊಂಡ ವರ್ಷದಲ್ಲಿಯೇ ಇಲ್ಲಿ ಸೋತ ಜನ ಆಯುಧವನ್ನು ಕೆಳಗಿಡುವ ಪಾಠವನ್ನು ಕಲಿಯತೊಡಗಿದರು.

ಆ ಪಾಠ ಪೂರ್ಣವಾದದ್ದು 1857ರಲ್ಲಿ. ಆ ವರ್ಷ ಕುಂಪಣಿ ಸರ್ಕಾರ ಜಾರಿಗೆ ತಂದ ನಿಶ್ಶಸ್ತ್ರೀಕರಣದ ಕಾಯಿದೆಯ ಮೇರೆಗೆ ಜನ ತಮ್ಮ ಆಯುಧಗಳನ್ನು ದಾಖಲೆ ಮಾಡಿಸಿ ಒಪ್ಪಿಸಬೇಕಾಯಿತು. ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಒಪ್ಪಲಿಲ್ಲ. ಬೇಟೆಯೇ ಬದುಕಾಗಿದ್ದವರಿಗೆ ಆಯುಧ ಹೋದರೆ ಅನ್ನವೂ ಹೋಗುತ್ತಿತ್ತು, ಮಾನವೂ ಹೋಗುತ್ತಿತ್ತು. ನವೆಂಬರ್ ತಿಂಗಳ ಕೊನೆಯಲ್ಲಿ ಸರ್ಕಾರದ ದಂಡು ಊರನ್ನು ಮುತ್ತಿ ಸುಟ್ಟಿತು. ಡಿಸೆಂಬರಿನಲ್ಲಿ ಮುಧೋಳದಲ್ಲಿಯೂ ಹಲಗಲಿಯಲ್ಲಿಯೂ 19 ಮಂದಿಯನ್ನು ಗಲ್ಲಿಗೇರಿಸಲಾಯಿತು. ಇದನ್ನು ನಮಗೆ ಮುಟ್ಟಿಸಿದ್ದು ಸರ್ಕಾರದ ಕಡತಕ್ಕಿಂತ ಹೆಚ್ಚಾಗಿ ಲಾವಣಿಕಾರರ ಕಂಠ. ಶಾಲೆಯ ಪಠ್ಯದಲ್ಲಿಯೂ ಆ ಲಾವಣಿಯನ್ನು ಮಕ್ಕಳು ಓದಿದ್ದಾರೆ. ಅದನ್ನು ಓದಿ ಬಂದ ವಿದ್ಯಾರ್ಥಿಯೊಬ್ಬ ಕಾಲೇಜಿನ ತರಗತಿಯಲ್ಲಿ ಎದ್ದುನಿಂತು ಹೀಗೆ ಕೇಳಿದ: “ಸಾರ್, ಅಂದು ಕಸಿದುಕೊಂಡದ್ದು ಅನ್ಯಾಯವಾದರೆ, ಇಂದು ಪರವಾನಗಿ ಕೇಳುವುದು ಹೇಗೆ ನ್ಯಾಯವಾಗುತ್ತದೆ?” ಪ್ರಶ್ನೆ ಸಣ್ಣದಲ್ಲ. ಈ ಲೇಖನ ಆ ಹುಡುಗನಿಗೆ ತಡವಾಗಿ ಕೊಡುತ್ತಿರುವ ಉತ್ತರವೆಂದು ತಿಳಿದರೂ ತಪ್ಪಿಲ್ಲ.

ಹಲಗಲಿಯಲ್ಲಿ ಆಯುಧವನ್ನು ಕಸಿದ ಅದೇ ಆಳರಸರು ಕೊಡಗಿನಲ್ಲಿ ಅದನ್ನು ಬಿಟ್ಟುಕೊಟ್ಟರು. ಕೊಡವರ ನಿಷ್ಠೆಯನ್ನು ಮೆಚ್ಚಿ, 1861ರಲ್ಲಿ ಕಮಿಷನರ್ ಮಾರ್ಕ್ ಕಬ್ಬನ್ನನು ಅವರನ್ನು ಆ ಕಟ್ಟಿನಿಂದ ಮುಕ್ತಗೊಳಿಸಿದನು. ಗಂಡುಮಗು ಹುಟ್ಟಿದಾಗ ಒಂದು ಈಡು, ಸಾವಾದಾಗ ಎರಡು ಈಡು ಹಾರಿಸುವ, ಕೈಲ್ ಮುಹೂರ್ತದಲ್ಲಿ ಕೋವಿಗೆ ಹೂವಿಟ್ಟು ಪೂಜಿಸುವ ಜನಕ್ಕೆ ಅದು ಬರಿಯ ಕಬ್ಬಿಣವಲ್ಲ, ಕುಲದ ಗುರುತು. ಸ್ವತಂತ್ರ ಭಾರತವೂ ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಈ ವಿನಾಯಿತಿಯನ್ನು ಉಳಿಸಿಕೊಂಡು ಬಂದಿದೆ. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರ ವರೆಗೆ ಮುಂದುವರಿಸಿತು. ಅದನ್ನು ಪ್ರಶ್ನಿಸಿದ ಅರ್ಜಿಯನ್ನು ಕರ್ನಾಟಕ ಹೈಕೋರ್ಟು 2021ರ ಸೆಪ್ಟೆಂಬರಿನಲ್ಲಿ ತಳ್ಳಿಹಾಕಿತು. ವಿನಾಯಿತಿ ಅವಧಿಗೆ ಒಳಪಟ್ಟದ್ದು, ಷರತ್ತಿಗೆ ಒಳಪಟ್ಟದ್ದು ಎಂಬುದನ್ನು ಮರೆಯಬಾರದು. ಹತ್ತು ವರ್ಷಕ್ಕೊಮ್ಮೆ ನವೀಕರಿಸಬೇಕಾದುದನ್ನು ಆಜನ್ಮಸಿದ್ಧವಾದ ಹಕ್ಕೆನ್ನಲು ಬರುವುದಿಲ್ಲ. ನಂಬಿ ಕೊಟ್ಟ ನಿಧಿಯೆನ್ನಬಹುದು.

ಹಕ್ಕೆಂದೇ ಅದನ್ನು ಬರೆಯಬೇಕೆಂಬ ವಾದವೂ ನಮ್ಮಲ್ಲಿ ನಡೆಯದೆ ಇರಲಿಲ್ಲ. 1931ರ ಕರಾಚಿ ಕಾಂಗ್ರೆಸ್ಸಿನ ಮೂಲಭೂತ ಹಕ್ಕುಗಳ ನಿರ್ಣಯದಲ್ಲಿ, ನಿಯಮಗಳಿಗೆ ಒಳಪಟ್ಟು ಆಯುಧವನ್ನಿಟ್ಟುಕೊಳ್ಳುವ ಹಕ್ಕೂ ಒಂದಾಗಿತ್ತು. 1948ರ ಡಿಸೆಂಬರಿನಲ್ಲಿ ಸಂವಿಧಾನ ಸಭೆಯಲ್ಲಿ ಆ ಹಕ್ಕನ್ನು ಸೇರಿಸಬೇಕೆಂದು ತಿದ್ದುಪಡಿ ಮಂಡಿಸಿದವರು ಎಚ್. ವಿ. ಕಾಮತರು, ಮಂಗಳೂರಿನಲ್ಲಿ ಹುಟ್ಟಿ, ಮಧ್ಯಪ್ರಾಂತದಿಂದ ಸಭೆಗೆ ಹೋಗಿದ್ದವರು. ಪರದೇಶದವರು ನಮ್ಮನ್ನು ನಿಶ್ಶಸ್ತ್ರರನ್ನಾಗಿ ಮಾಡಿದ ಅಪಮಾನ ಆ ಪೀಳಿಗೆಯ ಎದೆಯಲ್ಲಿ ಇನ್ನೂ ಹಸಿಯಾಗಿತ್ತು. ಡಾಕ್ಟರ್ ಅಂಬೇಡ್ಕರರು ಒಪ್ಪಲಿಲ್ಲ. ಮೂಲಭೂತ ಹಕ್ಕೆಂದು ಬರೆದುಬಿಟ್ಟರೆ ದುಷ್ಟನಿಗೂ ಅದನ್ನು ತಡೆಯುವುದು ಕಷ್ಟವಾದೀತೆಂಬುದು ಅವರ ವಾದದ ತಿರುಳು. ತಿದ್ದುಪಡಿ ಬಿದ್ದುಹೋಯಿತು. ಹೀಗಾಗಿ ಕೋವಿ ನಮ್ಮಲ್ಲಿ ಹಕ್ಕಾಗಲಿಲ್ಲ. ಆದರೆ ಅದು ನಮ್ಮವರೇ ನಮ್ಮೆದುರು ವಾದಿಸಿ ತೀರ್ಮಾನಿಸಿದ ಮಾತು. ಹಲಗಲಿಯ ಕಾಯಿದೆಗೂ ಇಂದಿನ ಕಾಯಿದೆಗೂ ಇರುವ ಅಂತರ ಇದೇ. ಅಂದು ಕಸಿದವನು ಯಾರಿಗೂ ಉತ್ತರ ಹೇಳಬೇಕಾಗಿರಲಿಲ್ಲ. ಇಂದು ಕೇಳುವವನು ಉತ್ತರ ಹೇಳಬೇಕು. ಹೇಳಬೇಕಾದವರೇ ಬಾಯಿ ಮುಚ್ಚಿಕೊಂಡರೆ ಆ ಅಂತರವೂ ಅಳಿಸಿಹೋಗುತ್ತದೆ.

ಈಗ ನಡೆಯುತ್ತಿರುವುದು 1959ರ ಆಯುಧಗಳ ಕಾಯಿದೆ. ಪರವಾನಗಿ ಕೊಡುವ ಅಧಿಕಾರಿ ಜಿಲ್ಲೆಯ ಮ್ಯಾಜಿಸ್ಟ್ರೇಟರಾದ ಜಿಲ್ಲಾಧಿಕಾರಿ. ನಿಜವಾಗಿ ಬೆಳೆ ರಕ್ಷಣೆಗೆ ಬೇಕಾದ, ನಳಿಗೆಯ ಬಾಯಿಂದ ಮದ್ದು ತುಂಬುವ ಕೋವಿಯನ್ನು ಕಾಯಿದೆಯೇ ಬೇರೆಯಾಗಿ ಹೆಸರಿಸಿ ಮನ್ನಿಸಿದೆ. 2019ರ ತಿದ್ದುಪಡಿಯಿಂದ ಒಬ್ಬನು ಇಟ್ಟುಕೊಳ್ಳಬಹುದಾದ ಬಂದೂಕುಗಳ ಸಂಖ್ಯೆ 3ರಿಂದ 2ಕ್ಕೆ ಇಳಿಯಿತು. ಪರವಾನಗಿಯ ಅವಧಿ 3 ವರ್ಷದಿಂದ 5 ವರ್ಷಕ್ಕೆ ಏರಿತು. ಅಭ್ಯರ್ಥಿಯನ್ನು ಈ ವಿಷಯವಾಗಿ ಕೇಳಿದರೆ ಒಂದು ಸಿದ್ಧ ಉತ್ತರ ದೊರೆತೀತು: ಆಯುಧದ ವಿಷಯ ಕೇಂದ್ರದ ಪಟ್ಟಿಯಲ್ಲಿದೆ, ವಿಧಾನಸಭೆಯ ಸದಸ್ಯ ಏನು ಮಾಡಬಲ್ಲ? ಇದು ಅರ್ಧ ಸತ್ಯ. ಶಾಸನ ದಿಲ್ಲಿಯದು, ನಿಜ. ಆದರೆ ಜಿಲ್ಲಾಧಿಕಾರಿ ರಾಜ್ಯದ ಆಡಳಿತದವರು, ಪೊಲೀಸು ರಾಜ್ಯದ್ದು, ಬೆಳೆನಷ್ಟದ ಪರಿಹಾರ ಕೊಡುವ ಅರಣ್ಯ ಇಲಾಖೆ ರಾಜ್ಯದ್ದು, ಕಳ್ಳ ಪಿಸ್ತೂಲನ್ನು ಹಿಡಿಯಬೇಕಾದವರೂ ರಾಜ್ಯದವರೇ. ಇಷ್ಟೆಲ್ಲ ಕೈಯಲ್ಲಿದ್ದೂ ಕೈಕಟ್ಟಿದೆಯೆನ್ನುವುದು ಸಲ್ಲದ ವಿನಯ.

ಇನ್ನು ಚುನಾವಣೆಯ ಕಾಲದ ಮಾತು. ಮತದಾನ ಭಯವಿಲ್ಲದೆ ನಡೆಯಬೇಕೆಂಬುದರಲ್ಲಿ ಎರಡು ಮಾತಿಲ್ಲ. ಆದರೆ ಚುನಾವಣಾ ಆಯೋಗದ ಸೂಚನೆಯಲ್ಲಿರುವುದು ಪರಿಶೀಲನೆಯ ಮಾರ್ಗ: ಜಾಮೀನಿನ ಮೇಲೆ ಹೊರಗಿರುವವರು, ಅಪರಾಧದ ಇತಿಹಾಸವುಳ್ಳವರು, ಹಿಂದೆ ಗಲಭೆಯಲ್ಲಿ ಸಿಕ್ಕಿದವರು, ಇಂಥವರ ವಿಷಯವನ್ನು ಜಿಲ್ಲೆಯ ಸಮಿತಿ ಮುಖ್ಯವಾಗಿ ನೋಡಬೇಕು. ಹಂದಿ ಕಾಯುವ ಬೇಸಾಯಗಾರನನ್ನೂ ಗಲಭೆಗಾರನನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿದರೆ ಪರಿಶೀಲನೆಯೆಂಬ ಮಾತಿಗೆ ಅರ್ಥವೇನು? 2024ರ ಲೋಕಸಭೆಯ ಚುನಾವಣೆ ಮಾರ್ಚ್ 16ರಂದು ಪ್ರಕಟವಾಗಿ ಜೂನ್ 4ರಂದು ಎಣಿಕೆ ಕಂಡಿತು; ನಡುವೆ 80 ದಿನ. ಚುನಾವಣೆಗೆ ರಜೆಯುಂಟು, ಆನೆಗೂ ಹಂದಿಗೂ ರಜೆಯಿಲ್ಲ.

ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲಗಳ ನಮ್ಮ ಬಯಲು ಮಲೆನಾಡಿನಂತೆ ಮನೆಮನೆಯ ಗೋಡೆಗೂ ಕೋವಿ ತೂಗುಹಾಕಿದ ಸೀಮೆಯಲ್ಲ. ಇಲ್ಲಿನ ಆಯುಧಪೂಜೆಯಲ್ಲಿ ಕುಂಕುಮವಿಡುವುದು ಮಗ್ಗಕ್ಕೆ, ಕುಡುಗೋಲಿಗೆ, ಮೋಟಾರು ಗಾಡಿಗೆ. ಆದರೂ ಭಯ ಇಲ್ಲಿಗೂ ಬಂದಿದೆ. 2024ರ ನವೆಂಬರಿನಲ್ಲಿ ನೆಲಮಂಗಲ ತಾಲ್ಲೂಕಿನಲ್ಲಿ ಹುಲ್ಲು ಕೊಯ್ಯಲು ಹೋದ ಹೆಣ್ಣುಮಗಳೊಬ್ಬಳು ಚಿರತೆಯ ಬಾಯಿಗೆ ತುತ್ತಾದಳು. ಅಂಥ ಊರಿನಲ್ಲಿ ಮನೆಗೊಂದು ಕೋವಿ ಬೇಕೆಂಬ ಕೂಗೆದ್ದರೆ ಆಶ್ಚರ್ಯವಿಲ್ಲ. ಆದರೆ ಕೋವಿಯಿದ್ದರೂ ಅದು ಸುಲಭದ ದಾರಿಯಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ, ಬೆಳೆ ತಿನ್ನುವ ಕಾಡುಹಂದಿಯನ್ನೂ ಅಧಿಕೃತ ಅನುಮತಿಯಿಲ್ಲದೆ ಕೊಲ್ಲುವಂತಿಲ್ಲ. ನೆರೆಯ ಕೇರಳ 2022ರಲ್ಲಿ ಆ ಅನುಮತಿ ಕೊಡುವ ಅಧಿಕಾರವನ್ನು ಸ್ಥಳೀಯ ಸಂಸ್ಥೆಗಳ ಅಧ್ಯಕ್ಷರ ಹತ್ತಿರಕ್ಕೆ ತಂದಿತು. ಅದು ಸರಿಯೋ ತಪ್ಪೋ, ಒಂದು ನಿಲುವಂತೂ ಹೌದು. ನಮ್ಮ ಅಭ್ಯರ್ಥಿಗಳಲ್ಲಿ ಅದನ್ನು ಒಪ್ಪುವವರೆಷ್ಟು ಮಂದಿ, ಒಲ್ಲದವರೆಷ್ಟು ಮಂದಿ?

ಕೋವಿಯ ಪರವಾಗಿ ಇಷ್ಟು ಹೇಳಿದ ಮೇಲೆ ಇನ್ನೊಂದು ಮಗ್ಗುಲನ್ನು ಮರೆಸುವುದು ಕನ್ನಡದ ಅಧ್ಯಾಪಕನಿಗೆ ಸಾಧ್ಯವಿಲ್ಲ. 2015ರ ಆಗಸ್ಟ್ 30ರ ಬೆಳಗ್ಗೆ ಧಾರವಾಡದಲ್ಲಿ ಎಂ. ಎಂ. ಕಲಬುರ್ಗಿಯವರ ಮನೆಯ ಬಾಗಿಲು ಬಡಿದವರ ಕೈಯಲ್ಲಿದ್ದುದು ಪಿಸ್ತೂಲು. ವಚನ, ಶಾಸನ, ಹಸ್ತಪ್ರತಿಗಳ ನಡುವೆ ಬಾಳಿದ ಹಿರಿಯರು ತಮ್ಮ ಹೊಸ್ತಿಲಿನಲ್ಲಿಯೇ ಉರುಳಿದರು. 2017ರ ಸೆಪ್ಟೆಂಬರ್ 5ರ ರಾತ್ರಿ ಬೆಂಗಳೂರಿನಲ್ಲಿ ಗೌರಿ ಲಂಕೇಶರು ಮನೆಯ ಮುಂದೆ ಗುಂಡಿಗೆ ಬಲಿಯಾದರು. ಎರಡು ಕೊಲೆಗಳಿಗೂ ಬಳಕೆಯಾದದ್ದು ಒಂದೇ ನಾಡಪಿಸ್ತೂಲೆಂದು ತನಿಖೆ ನಡೆಸಿದವರು ಹೇಳಿದ್ದಾರೆ. ನಾಡಪಿಸ್ತೂಲಿಗೆ ಪರವಾನಗಿಯ ಪುಸ್ತಕವಿರುವುದಿಲ್ಲ. ಚುನಾವಣೆ ಬಂತೆಂದು ಅದು ಠಾಣೆಗೆ ಬಂದು ರಸೀತಿ ಪಡೆಯುವುದೂ ಇಲ್ಲ. ನಾಡಿಗೆ ಭಯವಿರುವುದು ರಸೀತಿ ಪಡೆಯುವ ಕೋವಿಯಿಂದಲ್ಲ, ರಸೀತಿಯಿಲ್ಲದ ಪಿಸ್ತೂಲಿನಿಂದ. ಸುಲಭವಾಗಿ ಸಿಗುವವನ ಕೋವಿಯನ್ನು ಎಣಿಸಿ ಬೀಗ ಹಾಕಿ, ಸಿಗದವನ ಪಿಸ್ತೂಲಿನ ವಿಷಯದಲ್ಲಿ ಮೌನ ತಾಳುವುದು ಶಾಂತಿಪಾಲನೆಯ ಅರ್ಧವೂ ಅಲ್ಲ.

ಇಂದು ಅಭ್ಯರ್ಥಿಯಾದವನು ನಾಮಪತ್ರದೊಡನೆ ಪ್ರಮಾಣಪತ್ರವನ್ನು ಸಲ್ಲಿಸಬೇಕು. ತನ್ನ ಆಸ್ತಿ, ಸಾಲ, ತನ್ನ ಮೇಲಿರುವ ಮೊಕದ್ದಮೆಗಳನ್ನು ಬರೆಯಬೇಕು. ಚಿನ್ನ, ಕಾರುಗಳ ಜೊತೆಗೆ ರಿವಾಲ್ವರನ್ನೂ ಕೆಲವರು ಅಲ್ಲಿ ನಮೂದಿಸುವುದುಂಟು. ಅವರಲ್ಲಿ ಆಯುಧವಿದೆಯೆ ಎಂಬುದು ಹೀಗೆ ತಿಳಿಯಬಹುದು. ಆಯುಧದ ವಿಷಯದಲ್ಲಿ ಅವರಿಗೊಂದು ವಿಚಾರವಿದೆಯೆ ಎಂಬುದು ತಿಳಿಯುವುದಿಲ್ಲ. ಅದನ್ನು ತಿಳಿಯಲು ಮತದಾರನೇ ಬಾಯಿ ಬಿಡಬೇಕು. ಅಮೆರಿಕದವರಂತೆ ದರ್ಜೆ ಹಾಕುವುದು ನಮಗೆ ಬೇಡ; ಮೂರು ಪ್ರಶ್ನೆಗಳು ಸಾಕು. ಒಂದು: ಬೆಳೆ ರಕ್ಷಣೆಗೆ ಪರವಾನಗಿ ಬೇಡುವ ರೈತನ ಅರ್ಜಿಗೆ, ಕೊಡುತ್ತೇವೆಂದಾಗಲಿ ಕೊಡುವುದಿಲ್ಲವೆಂದಾಗಲಿ, ಕಾರಣಸಹಿತವಾಗಿ ಕಾಲಕ್ಕೆ ಸರಿಯಾಗಿ ಉತ್ತರ ಕೊಡಿಸುತ್ತೀರಾ? ಎರಡು: ಚುನಾವಣೆಗೆಂದು ಅವನ ಕೋವಿಯನ್ನು ಒಪ್ಪಿಸಿಕೊಂಡ ದಿನಗಳಲ್ಲಿ ಅವನ ಹೊಲಕ್ಕೆ ಕಾವಲು ಯಾರದು, ನಷ್ಟವಾದರೆ ಹೊಣೆ ಯಾರದು? ಮೂರು: ಪರವಾನಗಿಯಿಲ್ಲದ ಆಯುಧ ಎಲ್ಲಿ ತಯಾರಾಗಿ ಯಾರ ಕೈಸೇರುತ್ತದೆಂಬುದನ್ನು ಶೋಧಿಸಲು ನಿಮ್ಮ ಪಕ್ಷ ಏನು ಮಾಡಿದೆ, ಏನು ಮಾಡುತ್ತದೆ? ಕೊಡಗಿನ ಅಭ್ಯರ್ಥಿಗೆ ನಾಲ್ಕನೆಯದೂ ಉಂಟು: 2029ರ ನಂತರ ಏನು?

ಆ ವಿದ್ಯಾರ್ಥಿಗೆ ಈಗ ಉತ್ತರ ಹೇಳಬಹುದು. ಪರವಾನಗಿ ಕೇಳುವುದು ನ್ಯಾಯವೇ, ಅಪ್ಪ. ಆದರೆ ಒಂದು ಷರತ್ತಿನ ಮೇಲೆ. ಕೋವಿಯನ್ನು ಕೇಳಿ ಪಡೆದವನು ಕಾವಲಿನ ಭಾರವನ್ನೂ ಹೊರಬೇಕು. ಹಲಗಲಿಯಲ್ಲಿ ಕಸಿದವರು ಆ ಭಾರವನ್ನು ಹೊರಲಿಲ್ಲ. ಅದಕ್ಕೇ ಅದು ಅನ್ಯಾಯವಾಯಿತು. ನಮ್ಮ ಪ್ರತಿನಿಧಿಗಳೂ ಹೊರದೆ ಹೋದರೆ ಪ್ರಜಾರಾಜ್ಯದ ಹೆಸರಿನಲ್ಲಿ ಹಳೆಯ ಕಾಯಿದೆಯೇ ನಡೆದಂತಾಗುತ್ತದೆ. ವಿಧಾನಸಭೆಯ ಮುಂದಿನ ಚುನಾವಣೆ 2028ರಲ್ಲಿ ಬರಬೇಕಾಗಿದೆ. ಅಭ್ಯರ್ಥಿ ಅಂಗಳಕ್ಕೆ ಬಂದು ಕೈಮುಗಿದಾಗ ರೈತ ಠಾಣೆಯ ರಸೀತಿಯನ್ನು ಅವನ ಮುಂದೆ ಹಿಡಿಯಲಿ. ಓದುಬರಹ ಬಲ್ಲವರು ಕಲಬುರ್ಗಿಯವರ ಹೊಸ್ತಿಲನ್ನು ಅವನಿಗೆ ನೆನಪಿಸಲಿ. ಎರಡಕ್ಕೂ ಉತ್ತರ ಹೇಳಬಲ್ಲವನು ಮತಕ್ಕೆ ಅರ್ಹ.