ಕೈಯಲ್ಲಿ ಬೆಣ್ಣೆ ಇದ್ದೂ ತುಪ್ಪಕ್ಕೆ ಅಲೆದವರು



ಕ್ರಿಕೆಟ್ಟಿನ ವಿಷಯದಲ್ಲಿ ನಿಮಗೆ ಹೊಸದೇನನ್ನಾದರೂ ಹೇಳುವ ಧೈರ್ಯ ನನಗಿಲ್ಲ. ಅದರಲ್ಲಿ ನೀವು ನನಗಿಂತ ಹತ್ತು ಪಾಲು ಹೆಚ್ಚು ಬಲ್ಲವರು. ಆದ್ದರಿಂದ ಈ ಸಲ ನಿಮ್ಮಲ್ಲಿ ಅನೇಕರು ನೋಡಿರದ ಆಟವೊಂದನ್ನು ಆರಿಸಿಕೊಂಡಿದ್ದೇನೆ: ಅಮೆರಿಕದ ಕಾಲೇಜು ಫುಟ್‌ಬಾಲ್. ನನ್ನ ಅಕ್ಕನ ಮಗ ಅಲ್ಲಿಗೆ ಓದಲು ಹೋದ ಮೇಲೆ ನಮ್ಮ ಮನೆಯಲ್ಲೂ ಈ ಆಟದ ಮಾತು ಶುರುವಾಯಿತು. ಮೊದಮೊದಲು ಅವನಿಗೋಸ್ಕರ ನೋಡಿದೆ, ಆಮೇಲೆ ನನಗೋಸ್ಕರ!

ಹೆಸರು ಫುಟ್‌ಬಾಲ್ ಆದರೂ ಕಾಲಿಗೆ ಕೆಲಸ ಕಡಿಮೆ. ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ, ಎಸೆಯುವ, ಅಡ್ಡ ಬಂದವರನ್ನು ಭುಜದಿಂದ ತಳ್ಳುವ ಆಟ ಇದು. ಒಂದೊಂದು ತಂಡದಲ್ಲಿ 11 ಜನ. ಮೈದಾನ 100 ಗಜ ಉದ್ದ. ಚೆಂಡು ಕೈಯಲ್ಲಿರುವ ತಂಡಕ್ಕೆ 10 ಗಜ ಮುಂದೆ ಸಾಗಲು ನಾಲ್ಕು ಅವಕಾಶ. ಸಾಗಿದರೆ ಮತ್ತೆ ನಾಲ್ಕು. ಹೀಗೆ ಮುಂದೊತ್ತುತ್ತಾ ಎದುರಾಳಿಯ ಕೊನೆಯ ಗೆರೆ ದಾಟಿದರೆ ಟಚ್‌ಡೌನ್, ಅಂದರೆ 6 ಅಂಕ. ಈ ನಾಟಕಕ್ಕೆ ಸೂತ್ರಧಾರ ಕ್ವಾರ್ಟರ್‌ಬ್ಯಾಕ್. ಚೆಂಡನ್ನು ಓಟಗಾರನ ಕೈಗಿಡುವವನೂ ಅವನೇ, ದೂರಕ್ಕೆ ಎಸೆಯುವವನೂ ಅವನೇ.

ಕ್ವಾರ್ಟರ್‌ಬ್ಯಾಕಿನ ಮುಂದೆ ಐದು ಜನ ದಢೂತಿ ಆಟಗಾರರು ಗೋಡೆಯಂತೆ ನಿಂತಿರುತ್ತಾರೆ. ಎದುರಾಳಿಗಳನ್ನು ತಡೆಯುವುದು ಅವರ ಕೆಲಸ. ಮುಂದಕ್ಕೆ ಎಸೆದ ಚೆಂಡನ್ನು ಹಿಡಿಯುವ ಹಕ್ಕು ಅವರಿಗಿಲ್ಲ. ಮೈದಾನದ ಅಂಚಿನತ್ತ ತೆಳ್ಳಗಿನ ಚುರುಕು ಓಟಗಾರರು ನಿಂತಿರುತ್ತಾರೆ. ಹಿಡಿಯುವುದು ಅವರ ಕೆಲಸ. ತಡೆಯುವ ಶಕ್ತಿ ಅಷ್ಟಕ್ಕಷ್ಟೇ. ಇವರಿಬ್ಬರ ನಡುವೆ, ಗೋಡೆಯ ತುದಿಗೆ ಅಂಟಿಕೊಂಡು ನಿಲ್ಲುವವನೊಬ್ಬನಿದ್ದಾನೆ. ಅವನೇ ಟೈಟ್ ಎಂಡ್. ಇಂಗ್ಲಿಷಿನಲ್ಲಿ ಬಿ.ಎ. ಮಾಡಿದ ನನಗೂ ಈ ಹೆಸರು ಮೊದಲು ಒಗಟಾಗಿತ್ತು. ಗೋಡೆಗೆ ಬಿಗಿಯಾಗಿ ಒತ್ತಿಕೊಂಡು ಕೊನೆಯಲ್ಲಿ ನಿಲ್ಲುವುದರಿಂದ ಆ ಹೆಸರು, ಅಷ್ಟೆ. ಅವನು ತಡೆಯಲೂ ಬೇಕು, ಓಡಿ ಹಿಡಿಯಲೂ ಬೇಕು. ಎರಡೂ ಮನೆಯ ಸೊಸೆ ಎನ್ನಿ! ಎರಡು ಕಡೆಯ ದುಡಿತವೂ ಅವನ ಪಾಲಿಗೆ. ಹೊಗಳಿಕೆ ಮಾತ್ರ ಬೇರೆಯವರಿಗೆ.

ಇನ್ನು ಕಥೆಗೆ ಬರೋಣ. ಅಲಬಾಮಾ ವಿಶ್ವವಿದ್ಯಾಲಯದ ತಂಡ ಅಲ್ಲಿನ ಕಾಲೇಜು ಫುಟ್‌ಬಾಲಿನಲ್ಲಿ ದೊಡ್ಡ ಹೆಸರು. 2013ರಲ್ಲಿ ಆ ತಂಡಕ್ಕೆ ಅದೇ ರಾಜ್ಯದ ಹುಡುಗ ಓ.ಜೆ. ಹೋವರ್ಡ್ ಬಂದ. ಎತ್ತರ 6 ಅಡಿ 6 ಇಂಚು, ತೂಕ ಸುಮಾರು 110 ಕಿಲೋ. ಆ ಗಾತ್ರಕ್ಕೆ ಅವನ ಓಟ ನೋಡಬೇಕು: ಮುಂದೆ 2017ರಲ್ಲಿ ವೃತ್ತಿಪರ ತಂಡಗಳ ಪರೀಕ್ಷೆಯಲ್ಲಿ 40 ಗಜಗಳನ್ನು 4.51 ಸೆಕೆಂಡಿನಲ್ಲಿ ಓಡಿದ. ಎತ್ತರ, ಬಲ, ವೇಗ ಮೂರೂ ಒಬ್ಬನಲ್ಲೇ ಕೂಡಿಬರುವುದು ಅಪರೂಪ. ಮೊದಲ ವರ್ಷ ಅವನು 14 ಬಾರಿ ಚೆಂಡು ಹಿಡಿದು 2 ಟಚ್‌ಡೌನ್ ಗಳಿಸಿದ. ಎರಡನೆಯ ವರ್ಷ 17 ಬಾರಿ ಹಿಡಿದರೂ ಟಚ್‌ಡೌನ್ ಒಂದೂ ಇಲ್ಲ. ಮೂರನೆಯ ವರ್ಷ, ಅಂದರೆ 2015ರಲ್ಲಿ, ಮೊದಲ 14 ಪಂದ್ಯಗಳು ಮುಗಿದರೂ ಟಚ್‌ಡೌನ್ ಸೊನ್ನೆ!

ತರಬೇತುದಾರ ನಿಕ್ ಸಾಬನ್ ದಡ್ಡರಲ್ಲ. ಆ ಆಟದ ಅತಿ ದೊಡ್ಡ ತರಬೇತುದಾರರಲ್ಲಿ ಅವರೊಬ್ಬರು. ಹಾಗಾದರೆ ಹೀಗೇಕಾಯಿತು? ಅವರ ಬಳಿ ಡೆರಿಕ್ ಹೆನ್ರಿ ಎಂಬ ಓಟಗಾರನಿದ್ದ. 2015ರ ಋತುವಿನಲ್ಲಿ ಅವನು 395 ಸಲ ಚೆಂಡು ಹೊತ್ತು 2,219 ಗಜ ಓಡಿದ. ಅತ್ಯುತ್ತಮ ಕಾಲೇಜು ಆಟಗಾರನಿಗೆ ಕೊಡುವ ಹೈಸ್‌ಮನ್ ಪ್ರಶಸ್ತಿಯನ್ನೂ ಪಡೆದ. ಅಂಥವನಿಗೆ ದಾರಿ ಮಾಡಿಕೊಡುವವರಲ್ಲಿ ಹೋವರ್ಡ್ ಕೂಡ ಒಬ್ಬ. ಗೋಡೆಯ ತುದಿಯಲ್ಲಿ ನಿಂತು ಎದುರಾಳಿಗಳನ್ನು ಪಕ್ಕಕ್ಕೆ ತಳ್ಳುವ ಕೆಲಸ. ಆ ದುಡಿತ ಅಂಕಿ ಅಂಶಗಳ ಪಟ್ಟಿಯಲ್ಲಿ ಎಲ್ಲೂ ಬರುವುದಿಲ್ಲ. ಜೊತೆಗೆ ತಂಡ ಗೆಲ್ಲುತ್ತಲೇ ಇತ್ತು. ಸೋಲುವ ತಂಡ ತನ್ನ ಮೂಲೆಮೂಲೆಯನ್ನೂ ತಡಕಿ ನೋಡುತ್ತದೆ. ಗೆಲ್ಲುವ ತಂಡಕ್ಕೆ ಆ ಗರಜಿಲ್ಲ. ಅಲ್ಲಿ ಯಾವ ಪ್ರತಿಭೆ ವ್ಯರ್ಥವಾಗುತ್ತಿದೆ ಎಂಬುದು ಯಾರ ಕಣ್ಣಿಗೂ ಬೀಳುವುದಿಲ್ಲ.

ಆಮೇಲೆ ಬಂತು 2016ರ ಜನವರಿ 11. ಅರಿಜೋನಾ ರಾಜ್ಯದ ಗ್ಲೆಂಡೇಲ್‌ನಲ್ಲಿ ರಾಷ್ಟ್ರೀಯ ಚಾಂಪಿಯನ್‌ಶಿಪ್ಪಿನ ಅಂತಿಮ ಪಂದ್ಯ. ಎದುರಿಗೆ ಅಲ್ಲಿಯವರೆಗೆ ಸೋಲನ್ನೇ ಕಾಣದ ಕ್ಲೆಮ್ಸನ್ ತಂಡ. ಅರ್ಧ ಪಂದ್ಯ ಮುಗಿದಾಗ 14-14 ಸಮ. ಕ್ಲೆಮ್ಸನ್ ರಕ್ಷಕರ ಕಣ್ಣೆಲ್ಲ ಹೆನ್ರಿಯ ಮೇಲೆ. ಎರಡು ವರ್ಷಕ್ಕೂ ಮಿಕ್ಕಿ ಟಚ್‌ಡೌನ್ ಕಾಣದ ಟೈಟ್ ಎಂಡಿಗೆ ಹೆದರುವವರು ಯಾರು? ವಿರಾಮದ ನಂತರ ಹೋವರ್ಡ್ ರಕ್ಷಕರ ಹಿಂದೆ ನುಸುಳಿದ. ಕ್ವಾರ್ಟರ್‌ಬ್ಯಾಕ್ ಜೇಕ್ ಕೋಕರ್ ಎಸೆದ. 53 ಗಜ, ಟಚ್‌ಡೌನ್! ನಾಲ್ಕನೆಯ ಭಾಗದಲ್ಲಿ ಪಂದ್ಯ 24-24 ಆಗಿದ್ದಾಗ ಸಾಬನ್ ಯಾರೂ ಊಹಿಸದ ಪಟ್ಟು ಹಾಕಿದರು. ಚೆಂಡನ್ನು ದೂರಕ್ಕೆ ಒದೆಯುವ ಬದಲು ಮೆಲ್ಲಗೆ ಒದೆಸಿ ತಮ್ಮವರೇ ಹಿಡಿಯುವಂತೆ ಮಾಡಿದರು. ಅದರ ಬೆನ್ನಿಗೇ ಮತ್ತೆ ಹೋವರ್ಡ್, 51 ಗಜ, ಮತ್ತೊಂದು ಟಚ್‌ಡೌನ್. ಕೊನೆಯಲ್ಲಿ ಗಿಡ್ಡ ಎಸೆತವೊಂದನ್ನು ಹಿಡಿದು ಅಂಚಿನ ಗೆರೆಯ ಉದ್ದಕ್ಕೂ 63 ಗಜ ಓಡಿದ. ಅದರಿಂದ ಹೆನ್ರಿಯ ಅಂತಿಮ ಟಚ್‌ಡೌನಿಗೆ ದಾರಿಯಾಯಿತು. ಅಲಬಾಮಾ 45-40ರಿಂದ ಗೆದ್ದಿತು.

ಲೆಕ್ಕ ನೋಡಿ. ಅಂದು ಕೋಕರ್ ಎಸೆತಗಳಿಂದ ಬಂದದ್ದು ಒಟ್ಟು 335 ಗಜ. ಅದರಲ್ಲಿ 208 ಗಜ ಹೋವರ್ಡನದು, ಅದೂ ಬರೀ 5 ಹಿಡಿತಗಳಲ್ಲಿ. ಹಿಂದಿನ 14 ಪಂದ್ಯಗಳಲ್ಲಿ ಅವನು ಗಳಿಸಿದ್ದು ಎಲ್ಲ ಸೇರಿ 394 ಗಜ! ಒಂದು ರಾತ್ರಿಯಲ್ಲಿ ಹುಡುಗ ಹೊಸದಾಗಿ ಏನನ್ನೂ ಕಲಿತಿರಲಿಲ್ಲ. ಎತ್ತರ ಅದೇ, ವೇಗ ಅದೇ, ಕೈಗಳೂ ಅವೇ. ಬದಲಾದದ್ದು ಅವನನ್ನು ಕರೆದ ರೀತಿ. ಪಂದ್ಯದ ನಂತರ ಸಾಬನ್ ಅವರೂ ಹೋವರ್ಡನನ್ನು ಇಡೀ ವರ್ಷ ಇನ್ನೂ ಹೆಚ್ಚು ಬಳಸಬೇಕಾಗಿತ್ತು ಎಂಬ ಅರ್ಥದ ಮಾತನ್ನು ಮುಚ್ಚುಮರೆಯಿಲ್ಲದೆ ಆಡಿದರು. ದೊಡ್ಡವರ ಬಾಯಲ್ಲಿ ಇಂಥ ಮಾತು ಬರುವುದು ಅಪರೂಪ. ಅದಕ್ಕಾಗಿ ಅವರನ್ನು ಮೆಚ್ಚಬೇಕು.

ಆದರೆ ಒಪ್ಪಿಕೊಂಡರೆ ಅರ್ಧ ಕೆಲಸ ಮಾತ್ರ ಆಯಿತು. ಹೋವರ್ಡ್ ನಾಲ್ಕನೆಯ ವರ್ಷವೂ ಕಾಲೇಜಿನಲ್ಲೇ ಉಳಿದ. 2016ರಲ್ಲಿ 45 ಬಾರಿ ಚೆಂಡು ಹಿಡಿದ, 595 ಗಜ, 3 ಟಚ್‌ಡೌನ್. ಹಿಂದಿನ ವರ್ಷಕ್ಕಿಂತ ಬಹಳ ಹೆಚ್ಚೇನಲ್ಲ. ಆ ವರ್ಷ ಕ್ವಾರ್ಟರ್‌ಬ್ಯಾಕ್ ಹೊಸ ಹುಡುಗ, ಮೊದಲ ವರ್ಷದ ಜೇಲನ್ ಹರ್ಟ್ಸ್. ಓಟವೇ ತಂಡದ ನೆಚ್ಚಿನ ದಾರಿ. 2017ರ ಜನವರಿಯ ಅಂತಿಮ ಪಂದ್ಯದಲ್ಲಿ ಮತ್ತೆ ಕ್ಲೆಮ್ಸನ್ ಎದುರು 4 ಹಿಡಿತಗಳಲ್ಲಿ 106 ಗಜ, 68 ಗಜದ ಒಂದು ಟಚ್‌ಡೌನ್. ಈ ಸಲ ಅಲಬಾಮಾ 35-31ರಿಂದ ಸೋತಿತು. ನಾಲ್ಕು ವರ್ಷಗಳಲ್ಲಿ ಅವನ ಒಟ್ಟು ಟಚ್‌ಡೌನ್ 7. ಅದೇ 2017ರಲ್ಲಿ ಟ್ಯಾಂಪಾ ಬೇ ಎಂಬ ವೃತ್ತಿಪರ ತಂಡ ದೇಶಕ್ಕೇ 19ನೆಯವನಾಗಿ ಅವನನ್ನು ಆರಿಸಿಕೊಂಡಿತು. ಅಂದರೆ ಅವನ ಬೆಲೆ ಹೊರಗಿನವರಿಗೆ ಗೊತ್ತಿತ್ತು. ಹಿತ್ತಲ ಗಿಡ ಮದ್ದಲ್ಲ ಎನ್ನುವುದು ಸುಮ್ಮನೆಯೇ?

ಹಾಗಾದರೆ ಇಂಥ ಹುಡುಗನನ್ನು ಬಳಸುವುದು ಹೇಗೆ? ಅದಕ್ಕೆ ಫ್ಲೋರಿಡಾ ವಿಶ್ವವಿದ್ಯಾಲಯದ ಕೈಲ್ ಪಿಟ್ಸ್ ಉದಾಹರಣೆ. ಅವನೂ 6 ಅಡಿ 6 ಇಂಚಿನ ಟೈಟ್ ಎಂಡ್. ತರಬೇತುದಾರ ಡ್ಯಾನ್ ಮಲ್ಲೆನ್ ಅವನನ್ನು ಗೋಡೆಯ ತುದಿಗೇ ಕಟ್ಟಿಹಾಕಲಿಲ್ಲ. ಒಮ್ಮೆ ಅಲ್ಲಿ, ಒಮ್ಮೆ ನಾಲ್ಕು ಹೆಜ್ಜೆ ಆಚೆ, ಇನ್ನೊಮ್ಮೆ ಮೈದಾನದ ಅಂಚಿನಲ್ಲಿ ಒಂಟಿಯಾಗಿ ನಿಲ್ಲಿಸಿದರು. ಎದುರಾಳಿಗೆ ಪೀಕಲಾಟ ಶುರು. ಇವನನ್ನು ಕಾಯಲು ಬಲಿಷ್ಠ ಲೈನ್‌ಬ್ಯಾಕರನ್ನು ಬಿಟ್ಟರೆ ಅವನಿಗೆ ಇವನಷ್ಟು ವೇಗವಿಲ್ಲ. ವೇಗದ ಕಾರ್ನರ್‌ಬ್ಯಾಕನ್ನು ಬಿಟ್ಟರೆ ಅವನು ಇವನಿಗಿಂತ ಅರ್ಧ ಅಡಿಯಾದರೂ ಗಿಡ್ಡ. ಇಬ್ಬರನ್ನು ಬಿಟ್ಟರೆ ಬೇರೆಲ್ಲೋ ಒಬ್ಬ ಖಾಲಿ! 2020ರ ಸೆಪ್ಟೆಂಬರಿನಲ್ಲಿ ಓಲ್ ಮಿಸ್ ವಿರುದ್ಧದ ಮೊದಲ ಪಂದ್ಯದಲ್ಲೇ ಪಿಟ್ಸ್ 8 ಹಿಡಿತ, 170 ಗಜ, 4 ಟಚ್‌ಡೌನ್ ಗಳಿಸಿದ. ಆ ಋತುವಿನಲ್ಲಿ ಆಡಿದ್ದು 8 ಪಂದ್ಯ ಮಾತ್ರ. ಗಳಿಸಿದ್ದು 770 ಗಜ, 12 ಟಚ್‌ಡೌನ್. ಹೋವರ್ಡ್ ನಾಲ್ಕು ವರ್ಷದಲ್ಲಿ ಕಂಡದ್ದಕ್ಕಿಂತ 5 ಹೆಚ್ಚು. ಅತ್ಯುತ್ತಮ ಟೈಟ್ ಎಂಡಿಗೆ ಕೊಡುವ ಜಾನ್ ಮ್ಯಾಕಿ ಪ್ರಶಸ್ತಿ ಅವನಿಗೆ ಬಂತು. 2021ರಲ್ಲಿ ಅಟ್ಲಾಂಟಾ ತಂಡ ಅವನನ್ನು ನಾಲ್ಕನೆಯವನಾಗಿ ಆರಿಸಿತು. ಅಲ್ಲಿಯವರೆಗೆ ಯಾವ ಟೈಟ್ ಎಂಡಿಗೂ ಅಷ್ಟು ಮೇಲಿನ ಸ್ಥಾನ ಸಿಕ್ಕಿರಲಿಲ್ಲ.

ಎತ್ತರದ ಹುಡುಗನನ್ನು ಮನೆಯಲ್ಲಿ ನಾವು ಕರೆಯುವುದು ಅಟ್ಟದ ಮೇಲಿನ ಡಬ್ಬ ಇಳಿಸಲು ಮಾತ್ರ, ಅಲ್ಲವೇ? ಅನೇಕ ತಂಡಗಳೂ ಹಾಗೆಯೇ. ಗೆರೆ ಹತ್ತಿರ ಬಂದಾಗ ಮಾತ್ರ, ಕೊನೆಯ 20 ಗಜಗಳಲ್ಲಿ, ಚೆಂಡನ್ನು ಮೇಲಕ್ಕೆ ಎಸೆದು ಅವನು ಎಟುಕಿಸಿಕೊಳ್ಳಲಿ ಎಂದು ಕಾಯುತ್ತವೆ. ಅದು ಒಳ್ಳೆಯ ಉಪಾಯವೇ. ಅಲ್ಲಿ ಓಡಲು ಜಾಗ ಕಡಿಮೆ, ಮೇಲೆ ಆಕಾಶ ಮಾತ್ರ ಖಾಲಿ. ಆದರೆ ಅಷ್ಟೇ ಸಾಲದು. ಮೈದಾನದ ನಡುಭಾಗದಲ್ಲಿ, ಲೈನ್‌ಬ್ಯಾಕರುಗಳ ಬೆನ್ನ ಹಿಂದಿನ ಖಾಲಿ ಜಾಗಕ್ಕೂ ಅವನನ್ನು ಕಳಿಸಬೇಕು. ಓಟದ ಆಟ ಎಂದು ನಂಬಿಸಿ, ಒಂದು ಕ್ಷಣ ತಡೆದಂತೆ ಮಾಡಿ, ಮರುಕ್ಷಣ ಓಡಿಹೋಗುವಂತೆ ಆಟ ಹೆಣೆಯಬೇಕು. ಈ ಮೋಸ ಫಲಿಸುವುದು ಅವನು ಬೇರೆ ಸಮಯದಲ್ಲಿ ನಿಜವಾಗಿಯೂ ತಡೆಯುವವನಾಗಿದ್ದರೆ ಮಾತ್ರ. ಆದ್ದರಿಂದ ತಡೆಯುವ ಕೆಲಸ ಬಿಡಿಸಬಾರದು. ಅದೊಂದೇ ಕೆಲಸ ಕೊಡಲೂಬಾರದು. ಇನ್ನು ಕ್ವಾರ್ಟರ್‌ಬ್ಯಾಕಿಗೆ ಒಂದು ನಂಬಿಕೆ ಬೇಕು. ಪಕ್ಕದಲ್ಲಿ ರಕ್ಷಕನಿದ್ದರೂ ಎತ್ತರದವನು ತಲೆಯ ಮೇಲಿನ ಗಾಳಿಯಲ್ಲಿ ಒಂಟಿಯೇ ಎಂಬ ನಂಬಿಕೆ. ಅದು ಪಂದ್ಯದ ದಿನ ಹುಟ್ಟುವುದಿಲ್ಲ, ಅಭ್ಯಾಸದಲ್ಲಿ ನೂರು ಸಲ ಎಸೆದು ಹುಟ್ಟಬೇಕು.

ಅಂದ ಹಾಗೆ, ಪಿಟ್ಸ್‌ನ ಕಥೆಯೂ ನೇರವಾಗಿ ಸಾಗಲಿಲ್ಲ. ಅಟ್ಲಾಂಟಾದಲ್ಲಿ 2021ರ ಮೊದಲ ವರ್ಷ 1,026 ಗಜ ಗಳಿಸಿದ, ಆದರೆ ಟಚ್‌ಡೌನ್ ಒಂದೇ ಒಂದು! ಆಟಗಾರ ಅವನೇ, ಯೋಜನೆ ಬೇರೆ.

ಇದನ್ನೆಲ್ಲ ನಿಮಗೇಕೆ ಹೇಳಿದೆ? ಕಾಲೇಜಿನ ಆಟಗಾರನಿಗೆ ಸಿಗುವುದು ಸಾಮಾನ್ಯವಾಗಿ ನಾಲ್ಕು ಋತು. ಯಾರೋ ಗಮನಿಸಲಿಲ್ಲವೆಂದು ಕಳೆದುಹೋದ ವರ್ಷವನ್ನು ಯಾವ ಪ್ರಶಸ್ತಿಯೂ ಹಿಂದಿರುಗಿಸುವುದಿಲ್ಲ. ನಿಮ್ಮಲ್ಲಿ ಕೆಲವರು ಈಗಾಗಲೇ ಕಾಲೇಜು ತಂಡಕ್ಕೆ, ಕಚೇರಿಯ ಗುಂಪಿಗೆ, ನಮ್ಮ ಸಂಘದ ಯುವ ವಿಭಾಗಕ್ಕೆ ಮುಂದಾಳುಗಳಾಗಿದ್ದೀರಿ. ಎಲ್ಲ ಸರಿಯಾಗಿ ನಡೆಯುತ್ತಿರುವಾಗಲೇ ಒಮ್ಮೆ ಸುತ್ತ ನೋಡಿ. ರಾಜ್ಯೋತ್ಸವದಲ್ಲಿ ಪ್ರತಿವರ್ಷ ಬಾಗಿಲಲ್ಲಿ ಪನ್ನೀರು ಚಿಮುಕಿಸುವ ಹುಡುಗಿಗೆ ನಾಟಕ ಬರೆಯಲು ಬರುತ್ತದೆಯೋ ಏನೋ, ಕೇಳಿದವರಾರು?

ಕರೆ ಬಾರದೆ ಕಾಯುತ್ತಿರುವವರಿಗೆ ಬೇರೆ ಮಾತು. 14 ಪಂದ್ಯ ಚೆಂಡು ಸರಿಯಾಗಿ ಬರದಿದ್ದರೂ ಹೋವರ್ಡ್ ತಡೆಯುವುದನ್ನು ಬಿಡಲಿಲ್ಲ, ಓಡುವುದನ್ನೂ ಬಿಡಲಿಲ್ಲ. 15ನೆಯ ಪಂದ್ಯದಲ್ಲಿ ಚೆಂಡು ಗಾಳಿಯಲ್ಲಿ ಬಂದಾಗ ಅವನು ಇರಬೇಕಾದ ಜಾಗದಲ್ಲಿದ್ದ. ಹಾಗೆಂದು ಬಾಯಿ ಮುಚ್ಚಿಕೊಂಡೇ ಕಾಯಬೇಕೆಂದು ನಾನು ಹೇಳುವುದಿಲ್ಲ. ನಿಮ್ಮ ಕೈಲಾಗುವುದೇನೆಂದು ಹಿರಿಯರಿಗೆ ವಿನಯದಿಂದ, ಸ್ಪಷ್ಟವಾಗಿ ಒಮ್ಮೆ ಹೇಳಿ. ಬೆಣ್ಣೆ ಕೈಯಲ್ಲೇ ಇದೆಯೆಂದು ಕೆಲವೊಮ್ಮೆ ಬೆಣ್ಣೆಯೇ ಹೇಳಬೇಕಾಗುತ್ತದೆ!

ನಿಮಗೇನನ್ನಿಸಿತು, ಬರೆದು ತಿಳಿಸಿ. ಕಾಗುಣಿತ ತಪ್ಪಿದರೂ ಚಿಂತೆಯಿಲ್ಲ, ಕನ್ನಡದಲ್ಲೇ ಬರೆಯಿರಿ. ಮುಂದಿನ ಸಂಚಿಕೆಯಲ್ಲಿ ಮತ್ತೆ ಸಿಗೋಣ.