ಗುಡ್ಡ ಇಳಿಯುವ ಮುನ್ನ

ಹೊಸ ಎಲೆಕ್ಟ್ರಿಕ್ ಮೌಂಟನ್ ಬೈಕ್ ಕೊಂಡವರ ಕಣ್ಣು ಮೊದಲು ಬೀಳುವುದು ಕಾರ್ಬನ್ ಹ್ಯಾಂಡಲ್‌ಬಾರಿನ ಮೇಲೆ. ಅದರಿಂದ ನೂರೋ ನೂರೈವತ್ತೋ ಗ್ರಾಂ ತೂಕ ಉಳಿದೀತು. ಮೋಟಾರು, ಬ್ಯಾಟರಿ ಸೇರಿ ಬೈಕೇ ಸುಮಾರು 24 ಕಿಲೋ ತೂಗುವಾಗ ಇದು ಯಾವ ಲೆಕ್ಕ? ಆ ಹಣವನ್ನು ಬ್ರೇಕಿಗೆ ಹಾಕಿ.

70 ಕಿಲೋ ತೂಕದ ಸವಾರ ಈ ಬೈಕಿನಲ್ಲಿ 200 ಮೀಟರ್ ಎತ್ತರದ ಗುಡ್ಡ ಇಳಿದರೆ ಸುಮಾರು 184 ಕಿಲೋಜೂಲ್ ಶಕ್ತಿ ಬಿಡುಗಡೆಯಾಗುತ್ತದೆ. ಅರ್ಧ ಲೀಟರ್ ನೀರು ಕುದಿಸಲು ಅಷ್ಟು ಸಾಕು! ಕಡಿದಾದ ದಾರಿಯಲ್ಲಿ ನಿಧಾನವಾಗಿ ಇಳಿದಾಗ ಇದರ ಹೆಚ್ಚಿನ ಪಾಲು ಶಾಖವಾಗಿ ಸೇರುವುದು ಬ್ರೇಕಿಗೇ. 14 ಕಿಲೋ ತೂಕದ ಸಾದಾ ಬೈಕಿಗಿಂತ ಇದು ಶೇಕಡ 12ರಷ್ಟು ಹೆಚ್ಚು.

180 ಮಿಲಿಮೀಟರ್ ಡಿಸ್ಕ್ ತೆಗೆದು 203 ಮಿಲಿಮೀಟರಿನದು ಹಾಕಿದರೆ, ಬೆರಳಿನ ಒತ್ತಡ ಅಷ್ಟೇ ಇದ್ದರೂ ಚಕ್ರ ತಡೆಯುವ ಬಲ ಶೇಕಡ 13ರಷ್ಟು ಏರುತ್ತದೆ. ಉದ್ದ ಹಿಡಿಯ ಸ್ಪ್ಯಾನರಿನಿಂದ ನಟ್ಟು ಸುಲಭವಾಗಿ ಬಿಚ್ಚುವುದಿಲ್ಲವೆ, ಹಾಗೆ. ಆದರೆ ಫೋರ್ಕ್ ಎಷ್ಟು ದೊಡ್ಡ ಡಿಸ್ಕಿಗೆ ತಕ್ಕುದೆಂದು ಕೈಪಿಡಿಯಲ್ಲಿ ನೋಡಿಕೊಳ್ಳಿ. ಲೋಹದ ಪ್ಯಾಡು ರಾಳದ ಪ್ಯಾಡಿಗಿಂತ ಶಾಖ ಚೆನ್ನಾಗಿ ತಾಳುತ್ತದೆ. ಆದರೂ ಕೆಲವು ಡಿಸ್ಕುಗಳ ಮೇಲೆ ರಾಳದ ಪ್ಯಾಡು ಮಾತ್ರ ಎಂದು ಕೊರೆದಿರುತ್ತಾರೆ. ಹೊಸ ಪ್ಯಾಡು ಹಾಕಿದ ಮೇಲೆ ಸಮತಟ್ಟು ರಸ್ತೆಯಲ್ಲಿ ಹತ್ತಿಪ್ಪತ್ತು ಸಲ ಬ್ರೇಕ್ ಹಿಡಿದು ಹದಕ್ಕೆ ತಂದುಕೊಂಡು, ಆಮೇಲೆ ಗುಡ್ಡದ ಕಡೆ ತಿರುಗಿ.